ಏಳೂವರೆಯ ಮಳೆ

ನಮ್ಮ ತಾರಸಿಯ ಮೇಲಿನ ಟಿವಿ ಡಿಶ್‌ನಲ್ಲಿ ಈಗ ಅರಳು ಸಂಡಿಗೆ ಒಣಗುತ್ತಿದೆ. ಕಂಬದಿಂದ ಬಿಚ್ಚಿ ಅಂಗಾತ ಮಲಗಿಸಿದ ಮೇಲೆಯೇ ನಮಗೆ ಅದರ ನಿಜವಾದ ಯೋಗ್ಯತೆ ಗೊತ್ತಾದದ್ದು. ಅಂಚು ಮೇಲೆದ್ದಿರುವುದರಿಂದ ಗಾಳಿಗೆ ಸಂಡಿಗೆ ಹಾರುವುದಿಲ್ಲ, ನಡುವೆ ಬಿಸಿಲು ಚೆನ್ನಾಗಿ ಕೂಡುತ್ತದೆ. "ಇದನ್ನ ಮೊದ್ಲೇ ಬಿಚ್ಚಿದ್ರಾಗ್ತಿತ್ತು" ಎಂದಳು ಅಮ್ಮ. ಇಷ್ಟು ವರ್ಷ ಅದು ಮನೆಗೆ ಇಳಿಸಿಕೊಟ್ಟ ಅಳು, ನಗು, ಮದುವೆ, ಮುರಿದ ಮದುವೆ ಎಲ್ಲವನ್ನೂ ಒಂದು ಹಿಡಿ ಸಂಡಿಗೆಗೋಸ್ಕರ ಮರೆತುಬಿಟ್ಟಳಲ್ಲ ಎಂದು ನನಗೆ ಆ ಡಿಶ್‌ನ ಮೇಲೆ ಕನಿಕರ ಬಂತು. ಅಮ್ಮ ಏನನ್ನೂ ಮರೆತಿರಲಿಲ್ಲ ಎನ್ನುವುದು ಗೊತ್ತಾಗಲು ಆ ದಿನ ಸಂಜೆಯಾಗಬೇಕಾಯಿತು.

ನಾನು ತೀರ್ಥಹಳ್ಳಿಯಲ್ಲಿ ಕಾಲೇಜು ಹುಡುಗರಿಗೆ ಭೂಗೋಳ ಹೇಳಿಕೊಡುವವಳು. ವಾಚ್ ರಿಪೇರಿ ಅಂಗಡಿಯೊಂದರ ಮಹಡಿಯ ಮೇಲೆ ನಾನು, ಅಮ್ಮ ಇಬ್ಬರೇ ಇದ್ದೇವೆ. ನಮ್ಮ ತಾರಸಿಯಿಂದ ನೋಡಿದರೆ ಊರಿನ ಡಿಶ್‌ಗಳೆಲ್ಲ ಒಂದೇ ಕಡೆ ಕತ್ತೆತ್ತಿಕೊಂಡು ಕೂತಿರುತ್ತವೆ, ಪಂಕ್ತಿಯಲ್ಲಿ ಕೂತವರು ಪಾಯಸದ ಕೊಳಗ ಬರುವ ದಿಕ್ಕನ್ನೇ ನೋಡುವ ಹಾಗೆ. ಜಾತಿ, ಪಕ್ಷ, ನೀರಿನ ಜಗಳ ಯಾವುದರಲ್ಲೂ ಹೊಂದಾಣಿಕೆ ಇಲ್ಲದ ಮನೆಗಳು ಇದೊಂದು ವಿಷಯದಲ್ಲಿ ಒಂದೇ ಕಡೆ ಮುಖ ಮಾಡಿರುವುದು ನನಗೆ ಸೋಜಿಗವೆನಿಸುತ್ತಿತ್ತು. ಮೇಲೆ, ಬಹಳ ಮೇಲೆ, ಒಂದು ಉಪಗ್ರಹವಿದೆ. ಅದು ಭೂಮಿ ತಿರುಗುವಷ್ಟೇ ವೇಗದಲ್ಲಿ ತಿರುಗುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತಂತೆಯೇ ಕಾಣುತ್ತದೆ ಎಂದು ತರಗತಿಯಲ್ಲಿ ಹೇಳುವಾಗ ನನಗೇ ಒಂಥರಾ ಮಂಪರು ಬರುತ್ತದೆ. ಅಷ್ಟು ದೂರದಿಂದ ತಪ್ಪದೆ ಬಂದ ಕಥೆ ಕಟ್ಟಕಡೆಗೆ ನಮ್ಮೂರಿನ ಒಂದು ಮೋಡವನ್ನು ದಾಟಲಾರದೆ ಸೋಲುತ್ತಿತ್ತು. ದಪ್ಪ ಮಳೆ ಬಿತ್ತೆಂದರೆ ಪರದೆಯ ಮೇಲೆ ನಾಯಕಿಯ ಮುಖ ಚೌಕ ಚೌಕವಾಗಿ ಒಡೆದು, ಒಂದು ಕಣ್ಣು ಅಲ್ಲೇ ನಿಂತು, ಆಮೇಲೆ ಎಲ್ಲವೂ ನೀಲಿ. ಆ ನೀಲಿಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಒಕ್ಕಣೆ. ನಮ್ಮ ಕಡೆ ಮಳೆಗಾಲ ಎಷ್ಟು ತಿಂಗಳು ಎಂದು ನಿಮಗೆ ಹೇಳಬೇಕಾಗಿಲ್ಲ.

ಬೇರೆಯವರು ಆ ನೀಲಿ ಪರದೆಯನ್ನು ಬಯ್ಯುತ್ತಿದ್ದರು. ನಮ್ಮ ಮನೆಯಲ್ಲಿ ನಿಜವಾದ ಕಾರ್ಯಕ್ರಮ ಶುರುವಾಗುತ್ತಿದ್ದದ್ದೇ ಆಗ.

ಅಮ್ಮನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ ಸಾಗರದಲ್ಲಿ, ತಂಗಿ ಹೊಸನಗರದಲ್ಲಿ. ದೊಡ್ಡಮ್ಮ ಹಪ್ಪಳ ಸಂಡಿಗೆ ಮಾಡುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಅದಕ್ಕಿಂತ ಎತ್ತಿದ ಕೈ. ಚಿಕ್ಕಮ್ಮ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು. ಧಾರಾವಾಹಿಯ ಪಾತ್ರಗಳನ್ನೂ ಒಂದನೇ ಬೆಂಚು, ಕೊನೇ ಬೆಂಚು ಎಂದು ಮನಸ್ಸಿನಲ್ಲೇ ಕೂರಿಸಿಬಿಡುತ್ತಾಳೆ. ಮೂವರೂ ನೋಡುವುದು ಒಂದೇ ಧಾರಾವಾಹಿ, ಸಂಜೆ ಏಳೂವರೆಯದು. ಮಳೆ ಮಾತ್ರ ಮೂರೂ ಊರಿಗೆ ಒಟ್ಟಿಗೆ ಬರುವಷ್ಟು ನ್ಯಾಯವಂತನಲ್ಲ. ಹುಲಿಕಲ್ ಘಾಟಿ ಹತ್ತಿದ ಮೋಡ ಮೊದಲು ಹೊಸನಗರದ ಮೇಲೆ ಬೀಳುತ್ತಿತ್ತು. ಚಿಕ್ಕಮ್ಮನ ಟಿವಿ ಹೋದ ಸ್ವಲ್ಪ ಹೊತ್ತಿಗೆ ನಮ್ಮದು ಹೋಗುತ್ತಿತ್ತು. ಅಷ್ಟರಲ್ಲಿ ಹೊಸನಗರದಲ್ಲಿ ಮತ್ತೆ ಬಂದಿರುತ್ತಿತ್ತು, ಸಾಗರದಲ್ಲಿ ಹೋಗಿರುತ್ತಿತ್ತು. ಹೀಗೆ ಅರ್ಧ ಗಂಟೆಯ ಕಥೆ ಮೂರು ತಾಲೂಕುಗಳಲ್ಲಿ ಹರಿದು ಹಂಚಿಹೋಗುತ್ತಿತ್ತು. ಎಂಟು ಗಂಟೆಗೆ ಫೋನು.

"ನಿಂದು ಎಲ್ಲಿ ತನಕ ಬಂತೇ?"

"ಅತ್ತೆ ಮೆಟ್ಲು ಇಳ್ದು ಬರೋ ತನಕ. ಅಲ್ಲಿಗೆ ಹೋತು."

"ಅದರ ಮುಂದೆ ನಂಗೆ ಬಂತು, ಹೇಳ್ತೀನಿ ತಡಿ."

ಇವಳ ತುಂಡಿಗೆ ಅವಳ ತುಂಡು ಜೋಡಿಸಿ, ಎಂಟೂವರೆಯ ಹೊತ್ತಿಗೆ ಕಂತು ಪೂರ್ತಿಯಾಗುತ್ತಿತ್ತು. ಅಮ್ಮ ಯಾವಾಗಲೂ ಫೋನಿನ ಸ್ಪೀಕರ್ ಹಾಕಿಯೇ ಮಾತಾಡುವವಳು, ಹಾಗಾಗಿ ನನಗೂ ಎಲ್ಲ ಕೇಳಿಸುತ್ತಿತ್ತು. ಉತ್ತರ ಪತ್ರಿಕೆ ತಿದ್ದುತ್ತ ಕೂತ ನಾನು ಕಣ್ಣು ಮುಚ್ಚಿ, ಕಥೆ ಎಲ್ಲೆಲ್ಲಿ ತುಂಡಾಯಿತೋ ಅದರ ಮೇಲೆ ಮೋಡ ಯಾವ ದಾರಿಯಲ್ಲಿ ಹೋಯಿತು ಎಂದು ಗೆರೆ ಎಳೆಯುತ್ತಿದ್ದೆ. ಅತ್ತೆ ಮೆಟ್ಟಿಲು ಇಳಿಯುವಾಗ ಮೋಡ ತುಂಗೆಯ ಮೇಲಿತ್ತು. ಮಗ ತಾಯಿಗೆ ಎದುರಾಡುವಾಗ ಸಾಗರದ ಪೇಟೆಗೆ ತಲುಪಿತ್ತು. ಮಳೆಯ ನಕ್ಷೆಯನ್ನು ಇಷ್ಟು ಚೆಂದವಾಗಿ ಯಾವ ಪಠ್ಯಪುಸ್ತಕವೂ ನನಗೆ ಕಲಿಸಿರಲಿಲ್ಲ.

ಕೆಲವು ದಿನ ಮೂರೂ ಕಡೆ ಒಟ್ಟಿಗೇ ಹೋಗಿಬಿಡುತ್ತಿತ್ತು. ಅಂಥ ದಿನಗಳಲ್ಲಿ ದೊಡ್ಡಮ್ಮನದ್ದು ಮಾತ್ರ ಹೋಗುತ್ತಿರಲಿಲ್ಲ. ಅಂದರೆ, ಹೋಗಿರುತ್ತಿತ್ತು, ಅವಳು ಹೋಯಿತೆಂದು ಒಪ್ಪುತ್ತಿರಲಿಲ್ಲ. ಸಲೀಸಾಗಿ ಕಥೆ ಕಟ್ಟುತ್ತಿದ್ದಳು. ಅವಳ ಕಥೆಯಲ್ಲಿ ಅತ್ತೆಗೆ ಒಂದೇ ದಿನದಲ್ಲಿ ಬುದ್ಧಿ ಬರುತ್ತಿತ್ತು, ಹಸಿದವರಿಗೆ ಊಟ ಸಿಗುತ್ತಿತ್ತು. ಮರುದಿನ ಟಿವಿಯಲ್ಲಿ ಅದೇ ಅತ್ತೆ ಹಳೇ ಬುದ್ಧಿಯನ್ನೇ ತೋರಿಸಿದರೆ ಅಮ್ಮ ಟಿವಿಗೇ ಬಯ್ಯುತ್ತಿದ್ದಳು: "ನಿನ್ನೆ ಸರಿಯಾಗಿದ್ಲಲ್ಲ, ಇವತ್ತು ಎಂತಕ್ಕೆ ಹಿಂಗೆ ಕೆಡಿಸ್ತಾರೋ!" ಹಿಂದೆಲ್ಲ ಬಯಲಾಟಕ್ಕೆ ಹೋಗಿ ಕೂತಲ್ಲೇ ತೂಕಡಿಸಿದವರಿಗೆ ಬೆಳಿಗ್ಗೆ ನಡೆದು ಬರುವ ದಾರಿಯಲ್ಲಿ ಯಾರಾದರೂ ಉಳಿದ ಪ್ರಸಂಗ ಹೇಳುತ್ತಿದ್ದರಂತೆ. ಹೇಳುವವರೂ ತೂಕಡಿಸಿದವರೇ. ಹಾಗೆ ನೋಡಿದರೆ ಜಗತ್ತಿನ ಎಷ್ಟೋ ಕಥೆಗಳು ಎಚ್ಚರವಿದ್ದವರಿಂದಲ್ಲ, ನಡುವೆ ನಿದ್ದೆ ಹೋದವರಿಂದ ಬೆಳೆದಿರಬೇಕು ಎಂದು ನನ್ನ ಗುಮಾನಿ.

ಆ ಫೋನಿನಲ್ಲಿ ಬರೀ ಧಾರಾವಾಹಿ ಇರುತ್ತಿರಲಿಲ್ಲ ಎನ್ನುವುದು ನಿಮಗೆ ಈಗಾಗಲೇ ಹೊಳೆದಿರಬಹುದು. ದೊಡ್ಡಮ್ಮನ ಮಗನದ್ದು ಸಾಗರದಲ್ಲಿ ಮೊಬೈಲ್ ಅಂಗಡಿ. ಸಂಜೆ ಗಿರಾಕಿ ಜಾಸ್ತಿ, ಗಂಡ ಹೆಂಡತಿ ಇಬ್ಬರೂ ಅಂಗಡಿಯಲ್ಲೇ. "ಪಾಪ, ಆ ಹುಡುಗಿ ಒಬ್ಬಳೇ ತಟ್ಟೆ ಇಟ್ಕೊಂಡು ಕೂತಿದ್ಲು ಮಾರಾಯ್ತಿ" ಎಂದು ದೊಡ್ಡಮ್ಮ ನಾಯಕಿಯ ಬಗ್ಗೆ ಹೇಳಿದಾಗ ಅಮ್ಮ, "ನೀನು ಊಟ ಮಾಡಿದ್ಯನೇ ಅಕ್ಕ?" ಎಂದು ಕೇಳುತ್ತಿದ್ದಳು. ಮಂಡಿನೋವಿನಿಂದ ದೊಡ್ಡಮ್ಮ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಳು. ಅಮ್ಮನಿಗೆ ಬಸ್ಸಿನಲ್ಲಿ ವಾಂತಿ. ಅಕ್ಕತಂಗಿಯರು ಮುಖ ನೋಡುವುದು ಯಾರದಾದರೂ ಮದುವೆಯಲ್ಲಿ, ಇಲ್ಲದಿದ್ದರೆ ತಿಥಿಯಲ್ಲಿ. ಹಾಗಾದರೆ ಸುಮ್ಮನೆ ಫೋನ್ ಮಾಡಿಕೊಳ್ಳಬಹುದಲ್ಲ ಎನ್ನುತ್ತೀರಿ. ನಮ್ಮ ಕಡೆಯ ಹೆಂಗಸರಿಗೆ ಅದು ಬರುವುದಿಲ್ಲ. ಕಾರಣವಿಲ್ಲದೆ ಫೋನ್ ಬಂದರೆ ಯಾರಿಗೋ ಏನೋ ಆಗಿದೆ ಎಂದೇ ಲೆಕ್ಕ. "ನಿನ್ನ ಧ್ವನಿ ಕೇಳೋಣ ಅಂತ ಮಾಡ್ದೆ" ಎಂದು ನಮ್ಮಮ್ಮ ಈ ಜನ್ಮದಲ್ಲಿ ಹೇಳುವವಳಲ್ಲ. ಒಂದು ನೆಪ ಬೇಕು. ಆ ನೆಪವನ್ನು ದಿನಾ ಏಳೂವರೆಗೆ ಮಳೆ ತಂದುಕೊಡುತ್ತಿತ್ತು.

ಮಳೆಯಿಲ್ಲದ ತಿಂಗಳುಗಳಲ್ಲೂ ಅದೇ ರೂಢಿಯ ಬಲದಲ್ಲಿ ಫೋನು ಓಡುತ್ತಿತ್ತು. ಮೂವರೂ ಒಂದೇ ಹೊತ್ತಿಗೆ ನೋಡಿ ಮುಗಿಸಿರುತ್ತಿದ್ದರಲ್ಲ, ಬಯ್ಯಲಿಕ್ಕೆ ಬಾಯಿ ತುರಿಸುತ್ತಿತ್ತು.

ಅಂಥದ್ದರಲ್ಲಿ ಊರಿಗೆ ಫೈಬರ್ ಇಂಟರ್ನೆಟ್ ಬಂತು. ನನಗೋ, ಹೊಸದೆಂದರೆ ಮೈಯೆಲ್ಲ ಕಣ್ಣು. ತಂತಿಯೊಳಗೆ ಬೆಳಕು ಹರಿದು ಬರುತ್ತದೆ, ಆ ಬೆಳಕಿನಲ್ಲಿ ಕಥೆ ಇರುತ್ತದೆ ಎಂದರೆ ಕನಸಿನಲ್ಲಿ ಕೇಳಿದ ಮಾತಿನ ಹಾಗಿಲ್ಲವೆ? ಅಮ್ಮನ ಎದುರು ನಿಂತು ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಇನ್ನು ಮಳೆಗೂ ಟಿವಿಗೂ ಸಂಬಂಧವಿಲ್ಲ, ಯಾವಾಗ ಬೇಕೋ ಆವಾಗ ನೋಡು, ಬೇಕಾದಲ್ಲಿ ನಿಲ್ಲಿಸು, ಹಿಂದೆ ಹೋಗು, ಮುಂದೆ ಹೋಗು. ಅಮ್ಮ ಎಲ್ಲ ಕೇಳಿ, "ನಿಲ್ಸೋದು ಎಂತಕ್ಕೆ?" ಎಂದಳು. ಸಾಗರದಲ್ಲಿ ಮಗನ ಅಂಗಡಿಯಿಂದಲೇ ದೊಡ್ಡಮ್ಮನ ಮನೆಗೂ ಅದು ಬಂತು. ಚಿಕ್ಕಮ್ಮ ನಮಗಿಂತ ಮೊದಲೇ ಹಾಕಿಸಿಕೊಂಡಿದ್ದಳು.

ಮೊದಮೊದಲು ಸ್ವರ್ಗ. ಸಂಜೆಯ ಕಂತು ಬೆಳಿಗ್ಗೆಯೇ ಬಂದು ಕೂತಿರುತ್ತಿತ್ತು. ಅಮ್ಮ ಮಧ್ಯಾಹ್ನ ಊಟವಾದ ಮೇಲೆ ನೋಡುತ್ತಿದ್ದಳು. ದೊಡ್ಡಮ್ಮ ಹಪ್ಪಳದ ಕೆಲಸವಿಲ್ಲದ ದಿನ ನಾಕಾರು ಕಂತು ಗುಡ್ಡೆ ಹಾಕಿಕೊಂಡು ನೋಡುತ್ತಿದ್ದಳು. ಶಿಸ್ತಿನ ಚಿಕ್ಕಮ್ಮ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವುದರೊಳಗೆ ಮುಗಿಸಿ, ತಿಂಡಿಯ ಹೊತ್ತಿಗೆ ಫೋನ್ ಮಾಡಿ ಇಡೀ ಕಥೆ ಒಪ್ಪಿಸಿಬಿಡುತ್ತಿದ್ದಳು. ಒಂದು ದಿನ ಅಮ್ಮನ ಸಹನೆ ಕಟ್ಟೆಯೊಡೆಯಿತು.

"ನೀನೇ ಎಲ್ಲ ಹೇಳಿದ್ರೆ ನಾನು ಎಂತ ನೋಡೋದೇ? ಇನ್ಮೇಲೆ ಎಲ್ಲಾರ್ದೂ ನೋಡಿ ಆಗೋ ತನಕ ಕಥೆ ಎತ್ಬೇಡ."

"ಆತು ಬಿಡಕ್ಕ, ಎತ್ತಲ್ಲ" ಎಂದಳು ಚಿಕ್ಕಮ್ಮ. ಎತ್ತಲೇ ಇಲ್ಲ. ಮೂವರದ್ದೂ ಒಟ್ಟಿಗೆ ನೋಡಿ ಆಗುವ ದಿನ ಬರಲೇ ಇಲ್ಲ. ಒಬ್ಬಳು ಮುಂದಿದ್ದರೆ ಇನ್ನೊಬ್ಬಳು ಹಿಂದೆ. ಎಂಟು ಗಂಟೆಗೆ ಫೋನು ಮೇಜಿನ ಮೇಲೆ ಬೋರಲಾಗಿ ಬಿದ್ದಿರುತ್ತಿತ್ತು. ಆ ವರ್ಷದ ಮಳೆಗಾಲ ಹಾಗೆಯೇ ಕಳೆಯಿತು. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಟಿವಿಯಲ್ಲಿ ನಾಯಕಿಯ ಮುಖದ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಅಮ್ಮ ಒಮ್ಮೊಮ್ಮೆ ಆಸೆಯಿಂದ ಎನ್ನುವ ಹಾಗೆ ಕಿಟಕಿಯ ಕಡೆ ನೋಡಿ ಮತ್ತೆ ಟಿವಿ ನೋಡುತ್ತಿದ್ದಳು.

ಬಹಳ ಹೊತ್ತು ರಿಮೋಟ್ ಮುಟ್ಟದಿದ್ದರೆ ಈ ಹೊಸ ಟಿವಿ ತಾನೇ ನಿಂತು, ಇನ್ನೂ ನೋಡುತ್ತಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಏನು ಕೇಳ್ತಿದೆ ಎಂದು ಅಮ್ಮ ವಿಚಾರಿಸಿದಾಗ ಅರ್ಥ ಹೇಳಿದ್ದೆ. ಒಂದು ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಒಳಗಿನಿಂದ ಅಮ್ಮನ ಧ್ವನಿ: "ಹೌದಪ್ಪಾ, ಇದೀನಿ. ಇಲ್ಲೇ ಇದೀನಿ." ಯಾರು ಬಂದಿದ್ದಾರೆಂದು ನೋಡಿದರೆ ಯಾರೂ ಇಲ್ಲ. ಟಿವಿ ಕೇಳಿದ್ದಕ್ಕೆ ಅಮ್ಮ ಉತ್ತರ ಕೊಡುತ್ತಿದ್ದಳು. ದಿನಕ್ಕೊಂದು ಸಲ ಅವಳನ್ನು ಇದ್ದೀಯಾ ಎಂದು ಕೇಳುವುದು ಇದೊಂದೇ ಆಯಿತಲ್ಲ ಎನಿಸಿತು. "ದೊಡ್ಡಮ್ಮಂಗೆ ಒಂದು ಫೋನ್ ಮಾಡಮ್ಮ" ಎಂದೆ. "ಎಂತಕ್ಕೆ? ಎಂತಾಗಿದೆ ಅವಳಿಗೆ?" ಎಂದು ಗಾಬರಿಯಾದಳು. ಏನೂ ಆಗಿಲ್ಲ ಎಂದು ಸಮಾಧಾನ ಮಾಡುವಷ್ಟರಲ್ಲಿ ನನಗೇ ಸಾಕಾಯಿತು.

ಮಳೆ ಹೋಯಿತು, ಚಳಿ ಹೋಯಿತು, ಬಿಸಿಲು ಬಂತು. ದೊಡ್ಡಮ್ಮ ಬಸ್ಸಿನಲ್ಲಿ ಅರಳು ಸಂಡಿಗೆಯ ಹಿಟ್ಟು ಕಳಿಸಿದಳು, ಅಮ್ಮ ಡಿಶ್ ಬಿಚ್ಚಿಸಿ ಅದರಲ್ಲಿ ಸಂಡಿಗೆ ಇಟ್ಟಳು. ಆ ದಿನ ಮಧ್ಯಾಹ್ನ ಅವಳು ಧಾರಾವಾಹಿ ನೋಡಲಿಲ್ಲ. ಸಂಜೆ ಹಳೆಯ ಹೊತ್ತಿಗೆ ಸರಿಯಾಗಿ ಏಳೂವರೆಗೆ ಕುರ್ಚಿ ಎಳೆದುಕೊಂಡು ಕೂತಳು. ಗಂಡನ ಮನೆಯಿಂದ ಹೊರಬಿದ್ದ ನಾಯಕಿ ಊರೆಲ್ಲ ಅಲೆದು ಒಂದು ಮನೆಯ ಬಾಗಿಲು ತಟ್ಟಿದಳು. ಒಳಗೆ ಚಿಲಕ ಸರಿದ ಸದ್ದು. ಬಾಗಿಲು ಇನ್ನೇನು ತೆರೆಯಬೇಕು, ಅಮ್ಮ ರಿಮೋಟ್ ಎತ್ತಿ ನಿಲ್ಲಿಸಿದಳು. ನಿಲ್ಲಿಸುವ ಗುಂಡಿ ಯಾವುದೆಂದು ಅವಳಿಗೆ ಗೊತ್ತಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಫೋನ್ ತೆಗೆದುಕೊಂಡಳು.

"ಅಕ್ಕಾ, ಇಲ್ಲಿ ಭಾರೀ ಮಳೆ ಕಣೇ. ಬಾಗ್ಲು ತಟ್ಟಿದ್ಲು, ಅಷ್ಟೊತ್ತಿಗೆ ಸಿಗ್ನಲ್ ಹೋತು. ನಿಂಗೆ ಎಲ್ಲಿ ತನಕ ಬಂತು?"

ನಾನು ಕಿಟಕಿಯ ಹೊರಗೆ ನೋಡಿದೆ. ಆಕಾಶದ ತುಂಬ ನಕ್ಷತ್ರ. ರಸ್ತೆಯಲ್ಲಿ ಬಸ್ಸು ಎಬ್ಬಿಸಿದ ಧೂಳು ದೀಪದ ಕೆಳಗೆ ಇನ್ನೂ ತೇಲುತ್ತಿತ್ತು. ದೊಡ್ಡಮ್ಮನಿಗೆ ಗೊತ್ತಿಲ್ಲದ್ದೇನಿದೆ? ಈ ಬಿರುಬೇಸಿಗೆಯಲ್ಲಿ ಎಂಥ ಮಳೆಯೇ, ಫೈಬರಿಗೆ ಎಂಥ ಸಿಗ್ನಲ್ಲೇ ಎಂದು ಅವಳು ನಕ್ಕುಬಿಟ್ಟರೆ ಅಮ್ಮ ಇನ್ನೆಂದೂ ಆ ಫೋನ್ ಎತ್ತುವವಳಲ್ಲ.

"ಹೌದನೇ?" ಎಂದಳು ದೊಡ್ಡಮ್ಮ ನಿಧಾನವಾಗಿ. "ಇಲ್ಲೂ ಮೋಡ ಆಗಿತ್ತು. ಆದ್ರೆ ನಂದು ಹೋಗ್ಲಿಲ್ಲ ನೋಡು, ಕೊನೇ ತನಕ ಬಂತು. ಹೇಳ್ತೀನಿ, ಕೂತ್ಕ."

ಅವಳ ಹಿಂದೆ ಟಿವಿಯ ಸದ್ದೇ ಇರಲಿಲ್ಲ. ಕುಕ್ಕರ್ ಮಾತ್ರ ಒಮ್ಮೆ ಕೂಗಿತು.

"ಬಾಗ್ಲು ತೆಗೆದ್ರೆ ಅವಳ ಅಕ್ಕ ನಿಂತಿದಾಳೆ! ಕೈ ಹಿಡ್ದು ಒಳಗೆ ಕರ್ಕೊಂಡು ಹೋದ್ಲು. ಬಿಸಿ ಅನ್ನ ಬಡಿಸಿದ್ಲು, ಸಂಡಿಗೆ ಕರಿದ್ಲು. ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಬೈದ್ಲು."

"ಬೈದ್ಲನೇ?"

"ಬೈದ್ಲು. ಆಮೇಲೆ ಅತ್ಲು."

"ಇವ್ಳು?"

"ಇವ್ಳೂ ಅತ್ಲು. ಇನ್ನೆಂತ ಮಾಡ್ತಾಳೆ ಪಾಪ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಪರದೆಯ ಮೇಲೆ ನಾಯಕಿ ಬಾಗಿಲ ಮುಂದೆ ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿದ್ದಳು. ಆಮೇಲೆ ಅವರಿಬ್ಬರೂ ಮಂಡಿನೋವು, ಸಂಡಿಗೆಗೆ ಉಪ್ಪು, ಊಟ ಆಯಿತೋ ಇಲ್ಲವೋ ಎಂದು ಎಷ್ಟೋ ಹೊತ್ತು ಮಾತಾಡಿದರು. ಫೋನ್ ಇಟ್ಟ ಮೇಲೆ ನಾನು ಸುಮ್ಮನಿರಬೇಕಿತ್ತು. ಪಾಠ ಹೇಳುವ ಬಾಯಿ, ಸುಮ್ಮನಿರುವುದಿಲ್ಲ.

"ಅಮ್ಮಾ, ಆ ಹುಡುಗಿಗೆ ಅಕ್ಕ ಎಲ್ಲಿದಾಳೆ? ಮೊದಲಿಂದ ಒಬ್ಬಳೇ ಮಗಳಲ್ವಾ?"

"ಇರ್ತಾಳೆ, ಸುಮ್ನಿರು."

"ಬಾಗಿಲು ಯಾರು ತೆಗೀತಾರೆ, ನೋಡೋಣ್ವಾ?"

"ಎಂತಕ್ಕೆ? ಅಕ್ಕ ಹೇಳಿದ್ಲಲ್ಲ" ಎಂದು ಅಮ್ಮ ಟಿವಿ ಆರಿಸಿದಳು.

ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಹೊಸನಗರದಿಂದ. ದೊಡ್ಡಮ್ಮ ಆಗಲೇ ಸುದ್ದಿ ಮುಟ್ಟಿಸಿರಬೇಕು. ಬೆಳಿಗ್ಗೆಯೇ ಇಡೀ ಕಂತು ನೋಡಿ ಮುಗಿಸಿದ್ದ, ಜೀವಮಾನವಿಡೀ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದ ನಮ್ಮ ಚಿಕ್ಕಮ್ಮ ಏದುಸಿರಿನಲ್ಲಿ ಹೇಳುತ್ತಿದ್ದಳು: "ಅಕ್ಕಾ, ನಮ್ಮಲ್ಲಿ ಎಂಥಾ ಮಳೆ ಗೊತ್ತನೇ! ಶುರುವಲ್ಲೇ ಹೋತು. ಎಂತಾತು ಕಥೆ, ಹೇಳು."

ಭೂಗೋಳದವಳಾದ ನಾನು ಇದನ್ನು ದಾಖಲಿಸುವುದು ಹೇಗೆಂದು ತಿಳಿಯದು. ಈ ಬೇಸಿಗೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆ ದಿನಾ ಸಂಜೆ ಏಳೂವರೆಗೆ ಒಳ್ಳೆಯ ಮಳೆಯಾಗುತ್ತಿದೆ. ತಾರಸಿಯ ಮೇಲೆ ಸಂಡಿಗೆ ಗರಿಗರಿಯಾಗಿ ಒಣಗಿದೆ.