ಐದನೇ ಸಂಪುಟ ಓದುತ್ತಿದ್ದ ದಿನಗಳು

ಆ ಕಾದಂಬರಿ ಮಾಲೆಯಲ್ಲಿ ಏಳು ಸಂಪುಟಗಳು, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ನನಗೂ ತಮ್ಮನಿಗೂ ಸರದಿ ಕಾಯುವ ತಾಳ್ಮೆ ಇರಲಿಲ್ಲ. ಹೊಸ ಸಂಪುಟ ಬಂದ ಕೂಡಲೇ ಅವನು ಬ್ಲೇಡು ತಂದು ಅದನ್ನು ನಡುವೆ ಸೀಳುತ್ತಿದ್ದ. ಮೊದಲರ್ಧ ಮುಗಿಸಿದವರು ಅದನ್ನು ಇನ್ನೊಬ್ಬರಿಗೆ ದಾಟಿಸಿ ಮುಂದಕ್ಕೆ ಹೋಗಬೇಕು. ಯಾವಾಗಲೂ ಅವನೇ ಮುಂದೆ.

ನಾನು ಕೋಟನೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಅವನಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ನಮ್ಮಿಬ್ಬರಿಗೂ ಇಷ್ಟವಾದವಳು ಕಥೆಯಲ್ಲಿ ಗಡಿಕೋಟೆ ಕಾಯುವ ಒಬ್ಬ ಹೆಂಗಸು. ಕೈಯಲ್ಲಿ ಕೊಡಲಿ, ಮಾತು ಕಡಿಮೆ.

ಒಂದು ಭಾನುವಾರ ಕಮಲಾಪುರದ ಚಿಕ್ಕಮ್ಮನ ಮನೆಯಲ್ಲಿ ಉಂಡು ಮಧ್ಯಾಹ್ನ ಬೈಕಿನಲ್ಲಿ ವಾಪಸು ಹೊರಟೆವು. ನನ್ನ ತೊಡೆಯ ಮೇಲೆ ಚಿಕ್ಕಮ್ಮ ಕೊಟ್ಟ ಕೆಂಪು ಬಾಳೆಹಣ್ಣಿನ ಚೀಲ. ತಮ್ಮ ಹಿಂದಕ್ಕೆ ತಲೆ ತಿರುಗಿಸಿ, ಐದನೇ ಸಂಪುಟದ ಮುತ್ತಿಗೆಯಲ್ಲಿ ಯಾರು ಸಾಯುತ್ತಾರೆಂದು ಹೇಳಲು ಶುರು ಮಾಡಿದ. ನಾನು "ಹೇಳಬ್ಯಾಡಲೇ" ಎಂದು ಅವನ ಬೆನ್ನಿಗೆ ಗುದ್ದುತ್ತಿದ್ದೆ. ಹಿಂದೆ ಬರುತ್ತಿದ್ದ ಜೀಪಿನ ಹಾರ್ನ್ ಇಬ್ಬರಿಗೂ ಕೇಳಲಿಲ್ಲ.

ಜೀಪು ಮುಂದೆ ಬಂದು ಅಡ್ಡ ನಿಂತಿತು. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು.

"ಕಿವಿ ಕೆಪ್ಪಾಗ್ಯಾವೇನಲೇ ಮಗನಾ?"

"ತಪ್ಪಾತ್ರೀ ಅಣ್ಣಾ, ಕೇಳಿಸಲಿಲ್ಲ," ಎಂದ ತಮ್ಮ.

ಪುಸ್ತಕದಲ್ಲಿ ಹೊಡೆದಾಟಕ್ಕೆ ಮುಂಚೆ ಪುಟಗಟ್ಟಲೆ ಮಾತಿರುತ್ತದೆ. ಇಲ್ಲಿ ಇದ್ದದ್ದು ಅಷ್ಟೇ. ಮೊದಲ ಏಟು ಅವನ ಮುಂಗೈಗೆ ಬಿತ್ತು. ಒಣ ಜೋಳದ ದಂಟು ಮುರಿದಂಥ ಸದ್ದಾಯಿತು. ಬೈಕು ಬಿತ್ತು, ನಾನೂ ಬಿದ್ದೆ. ಬಿದ್ದ ತಮ್ಮನ ಕಿವಿಯ ಮೇಲೆ ಎರಡನೇ ಏಟು. ಇನ್ನೊಬ್ಬ ಪಕ್ಕೆಗೆ ಒದೆಯುತ್ತಿದ್ದ. ತಮ್ಮ ಕೂಗಲಿಲ್ಲ. ಪ್ರತಿ ಒದೆತಕ್ಕೂ ಅವನ ಬಾಯಿಂದ ಬರೀ ಗಾಳಿ ಬರುತ್ತಿತ್ತು.

ರಸ್ತೆ ರಿಪೇರಿಗೆ ಬದಿಯಲ್ಲಿ ಕಲ್ಲು ಸುರಿದಿದ್ದರು. ನಾನು ಯಾವಾಗ ಎದ್ದೆ, ಯಾವಾಗ ಕಲ್ಲು ಎತ್ತಿದೆ, ನೆನಪಿಲ್ಲ. ರಾಡಿನವನು ಮತ್ತೆ ಬಗ್ಗಿದಾಗ ಅವನ ದವಡೆಗೆ ಹೊಡೆದೆ. ಅವನು ನನ್ನತ್ತ ತಿರುಗಿದ. ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಆ ಮುಖದ ಮೇಲೆಯೇ ಇನ್ನೊಮ್ಮೆ ಹೊಡೆದೆ. ಕುಸಿದ. ಅವನ ಎದೆಯ ಮೇಲೆ ಕೂತು ಹೊಡೆದೆ. ಹಲ್ಲು ಮುರಿದದ್ದು ಕಲ್ಲಿನ ಮೂಲಕ ನನ್ನ ಅಂಗೈಗೆ ತಿಳಿಯಿತು. ರಕ್ತ ಬೆಚ್ಚಗೆ ಮೊಣಕೈವರೆಗೆ ಇಳಿಯಿತು. ಅವನ ಜೊತೆಗಾರ ಒಂದು ಗಳಿಗೆ ನಿಂತು ನೋಡಿ, ತೊಗರಿ ಹೊಲದೊಳಗೆ ಬಿದ್ದು ಓಡಿದ.

ದಾರಿಯಲ್ಲಿ ಬಂದ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಬಂದು ಹಿಂದಿನಿಂದ ನನ್ನ ರಟ್ಟೆ ಹಿಡಿದೆಳೆದ. "ಸಾಕು ಬಿಡವ್ವಾ, ಸಾಯ್ತಾನ!"

ಕಲಬುರಗಿಯ ಆಸ್ಪತ್ರೆಯಲ್ಲಿ ತಮ್ಮನ ಕೈಗೆ ರಾಡು ಹಾಕಿದರು. ಎಡಗಿವಿ ಕೇಳುವುದು ಅರ್ಧಕ್ಕರ್ಧ ಹೋಯಿತು. ಪುಸ್ತಕ ಹಿಡಿಯಲು ಆಗದ್ದರಿಂದ ನಾನೇ ಓದಿ ಹೇಳುತ್ತಿದ್ದೆ. ಮುತ್ತಿಗೆಯ ಅಧ್ಯಾಯ ಬಂದಾಗ ನಿಲ್ಲಿಸಿದೆ.

"ಓದು ಅಕ್ಕಾ."

ಓದಿದೆ. ಕೋಟೆಯ ಹೆಂಗಸು ಶತ್ರು ಸೇನಾಪತಿಯನ್ನು ಕಡಿದು ಹಾಕುತ್ತಾಳೆ. ಆಮೇಲೆ ಗೋಡೆಗೊರಗಿ ಅಳುತ್ತಾಳೆ.

"ನಿನಗೂ ಅಳು ಬಂದಿತ್ತೇನ?"

"ಇಲ್ಲ. ಹಸಿವಾಗಿತ್ತು," ಎಂದೆ. ಖರೇ ಹೇಳಿದ್ದೆ. ಆಂಬುಲೆನ್ಸು ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜಜ್ಜಿದ ಬಾಳೆಹಣ್ಣು ಸುಲಿದು ತಿಂದಿದ್ದೆ.

ಒಂದೆರಡು ವಾರದ ನಂತರ ಚಿಕ್ಕಮ್ಮನ ಅಂಗಳದಲ್ಲಿ ರಾಜಿಗೆಂದು ಹಿರಿಯರು ಕೂತರು. ರಾಡಿನವನೂ ಬಂದಿದ್ದ. ಮುಖದ ಒಂದು ಮಗ್ಗುಲು ಹೊಲಿಗೆ, ತುಟಿ ಸೊಟ್ಟ. ನನ್ನ ಕಡೆ ನೋಡಲಿಲ್ಲ.

"ಕೇಸು ಬ್ಯಾಡ್ರಿ," ಎಂದ. "ಗಾಡಿ ಮ್ಯಾಲಿಂದ ಬಿದ್ದೀನಿ ಅಂತ ಊರಾಗ ಹೇಳೀನಿ. ಹೆಣ್ಮಗಳ ಕೈಲಿ ಏಟು ತಿಂದಾನಂತ ಗೊತ್ತಾದ್ರ ನಾ ತಲಿ ಎತ್ತಿ ತಿರಗಾಕ ಆಗಂಗಿಲ್ಲ."

ಹಿರಿಯರು ಒಪ್ಪಿದರು. ನಮ್ಮ ಅವ್ವನಿಗೆ ಹೃದಯದ ತೊಂದರೆ. ನಮ್ಮ ಮನೆಯಲ್ಲೂ ಬೈಕು ಜಾರಿತೆಂದೇ ಹೇಳಿದ್ದೆವು. ಹಾಗಾಗಿ ಇಬ್ಬರದೂ ಬಿದ್ದ ಕಥೆಯೇ ಗಟ್ಟಿಯಾಯಿತು. ನಾನು ಎದ್ದು ಬಂದೆ.

ಮುಂದಿನ ವರ್ಷ ಆ ಪುಸ್ತಕಗಳು ಧಾರಾವಾಹಿಯಾಗಿ ಬಂದವು. ಮುತ್ತಿಗೆಯ ಕಂತನ್ನು ರಜೆಯ ದಿನ ಟಿವಿಯಲ್ಲಿ ಹಾಕಿಕೊಂಡು ಕೂತೆವು. ತಮ್ಮನ ಕಿವಿಗಾಗಿ ಸದ್ದು ಜೋರು. ಅವ್ವ ಬದಿಗೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಗೋಡೆ ಒಡೆಯಿತು, ಕೊಡಲಿಯ ಹೆಂಗಸು ಸೇನಾಪತಿಯ ಎದುರು ನಿಂತಳು. ಅಷ್ಟರಲ್ಲಿ ಎಲ್ಲಿಂದಲೋ ರಾಜಕುಮಾರ ಕುದುರೆ ಏರಿ ಬಂದು ಸೇನಾಪತಿಯ ತಲೆ ಹಾರಿಸಿದ. ಅವಳು ಅವನ ತೋಳಿಗೆ ಒರಗಿದಳು.

ತಮ್ಮ ರಿಮೋಟನ್ನು ಗೋಡೆಗೆ ಬೀಸಿ ಒಗೆದ. ಅದು ಹೋಳಾಯಿತು. "ಸುಳ್ಳು! ಆಕಿನೇ ಕೊಲ್ತಾಳ! ಆಕಿ ಒಬ್ಬಾಕಿನೇ!"

"ಏನಾತೋ ನಿನಗ?" ಅವ್ವ ಗಾಬರಿಯಾದಳು.

ಅವನು ಅಳುತ್ತಿದ್ದ. "ಅವ್ವಾ, ನಾ ಗಾಡಿ ಮ್ಯಾಲಿಂದ ಬಿದ್ದಿಲ್ಲ." ಎಲ್ಲವನ್ನೂ ಹೇಳಿದ: ಜೀಪು, ರಾಡು, ಕಲ್ಲು. ನನ್ನನ್ನು ಬಿಡಿಸಿದ ಕಂಡಕ್ಟರನನ್ನೂ ಬಿಡಲಿಲ್ಲ.

ಅವ್ವ ಸೊಪ್ಪಿನ ತಟ್ಟೆ ಬದಿಗಿಟ್ಟಳು. ಅವಳ ಎದೆಗೆ ಏನಾದರೂ ಆದೀತೆಂದು ನಾನು ಮಾತ್ರೆಗೆ ಎದ್ದೆ. ಅವಳು ನನ್ನ ಬಲಗೈ ಹಿಡಿದು ಕೂರಿಸಿದಳು. ಅಂಗೈ ತಿರುವಿ ನೋಡಿದಳು.

"ಹಲ್ಲು ಮುರೀತೇನ ಅವಂದು?"

"ಮುರೀತವ್ವಾ."

"ಇನ್ನೊಬ್ಬ ಇದ್ನಲ್ಲ?"

"ಅವ ಓಡಿ ಹೋದ."

"ಅವಂಗ್ಯಾಕ ಬಿಟ್ಟಿ?" ಎಂದಳು ಅವ್ವ.