ಟವೆಲ್ಲಿನ ಕೆಳಗೆ ಮುಗಿದ ಒಂದು ವೀಸಾ ಪ್ರಕರಣ

೨೦೨೪ರಲ್ಲಿ ನಾನು ಲಿಂಗಸುಗೂರಿನ ಒಂದು ಖಾಸಗಿ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ವಿಭಾಗದ ಹಿರಿಯ ಬೋಧಕನಾಗಿದ್ದೆ. ಮನೆ ಮಸ್ಕಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದೊಡನೆ ಗ್ಯಾಸ್ ಬಂದ್ ಮಾಡಿದ್ದೇವೋ ಇಲ್ಲವೋ ಎಂದು ಹೆಂಡತಿಗೆ ಫೋನ್ ಮಾಡುವುದು ನನ್ನ ರೂಢಿ. ಆಕೆ ಆಗ ಅದೇ ಗ್ಯಾಸಿನ ಮುಂದೆ ರೊಟ್ಟಿ ಬಡಿಯುತ್ತಿರುತ್ತಾಳೆ ಎಂಬುದು ಬೇರೆ ಮಾತು. ಇಂಥವನ ಬಳಿ ಜೀವಮಾನದ ನಿರ್ಧಾರ ಕೇಳಲು ಬಂದವನು ನನ್ನ ಹಳೆಯ ವಿದ್ಯಾರ್ಥಿ ದೇವಪ್ಪ.

ಸಂತೆಕಲ್ಲೂರಿನ ದೇವಪ್ಪ ಸಿಂಧನೂರಿನ ಗ್ಯಾರೇಜೊಂದರಲ್ಲಿ ಭತ್ತ ಕೊಯ್ಯುವ ಹಾರ್ವೆಸ್ಟರ್‌ಗಳ ಮೆಕ್ಯಾನಿಕ್. ಅವನಿಗೆ ಸ್ಕಿಲ್ಡ್ ವೀಸಾದ ಮೇಲೆ ಆಸ್ಟ್ರೇಲಿಯಾಕ್ಕೆ ಹೋಗಬೇಕಿತ್ತು.

“ಇಲ್ಲಿ ನಾ ಮುದುಕ ಆದ್ರೂ ಮಿಸ್ತ್ರಿನೇ ರೀ ಸರ್. ಅಲ್ಲಿ ಇದೇ ಕೆಲಸಕ್ಕ ಒಂದು ಕಿಮ್ಮತ್ತು ಐತಂತ. ಈಗ ಹೇಳ್ರೀ, ಏಜೆಂಟ್ ಹಿಡೀಲೋ, ಬ್ಯಾಡೋ?”

ಈ ವೀಸಾಕ್ಕೆ ವಯಸ್ಸು, ಇಂಗ್ಲಿಷ್, ಅನುಭವ ಎಲ್ಲದಕ್ಕೂ ಪಾಯಿಂಟ್ ಕೊಡುತ್ತಾರೆ. ಮೂವತ್ಮೂರು ತುಂಬಿದರೆ ವಯಸ್ಸಿನ ಪಾಯಿಂಟ್ ಇಳಿಯುತ್ತದೆ. ದೇವಪ್ಪನಿಗೆ ಬರುವ ಜೂನ್‌ನಲ್ಲಿ ಮೂವತ್ಮೂರು. ಅಷ್ಟರೊಳಗೆ ವೀಸಾಕ್ಕೆ ಅರ್ಜಿ ಹಾಕಲು ಅಲ್ಲಿಂದ ಆಹ್ವಾನ ಬರದಿದ್ದರೆ ಅವನ ಲೆಕ್ಕ ಕೈತಪ್ಪುತ್ತಿತ್ತು. ಅದಕ್ಕೂ ಮೊದಲು ಅಲ್ಲಿನ ಸಂಸ್ಥೆಯೊಂದು ಅವನ ಕೆಲಸ ನಿಜವೇ ಎಂದು ವಿಚಾರಿಸಿ ಒಪ್ಪಬೇಕು. ಅದು ಸ್ಕಿಲ್ಸ್ ಅಸೆಸ್‌ಮೆಂಟ್.

ನಾನು ಸೋಮವಾರ ಏಜೆಂಟ್ ಬೇಕೆಂದೆ, ಮಂಗಳವಾರ ಬೇಡವೆಂದೆ. ಬುಧವಾರ ಅವನ ಫೋನನ್ನೇ ಎತ್ತಲಿಲ್ಲ.

ದೇವಪ್ಪನ ಅಪ್ಪ ಬಸಪ್ಪನವರಿಗೆ ಮಾತ್ರ ಸಂಶಯವೇ ಇರಲಿಲ್ಲ. ಅವರು ದನದ ಸಂತೆಗಳಲ್ಲಿ ಎತ್ತಿನ ದಲಾಲಿ ಮಾಡಿದವರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಯಾರಿಗೂ ಕಾಣದಂತೆ ಬೆಲೆ ಕುದುರಿಸುವ ಕಾಲದವರು.

“ದಲಾಲಿ ಇಲ್ಲದ ಯಾವಾರ ಯಾವಾರನ ಅಲ್ರೀ ಮಾಸ್ತರ. ಎತ್ತು ಒದ್ರ ಕೊಂಡವ ಮಾರಿದವಗ ಬೈತಾನ, ಸಂಬಂಧ ಕೆಡತೈತಿ. ನಡುವ ನಾ ಇದ್ರ ಇಬ್ರೂ ನನಗ ಬೈತಾರ. ಸಂಬಂಧ ಉಳೀತೈತಿ.”

ಈ ಮಾತು ಕೇಳಿ ನಾನು ಮತ್ತೆ ಏಜೆಂಟ್ ಕಡೆ ವಾಲಿದೆ. ಮೂವರೂ ಸಿಂಧನೂರಿನ ಒಬ್ಬ ಏಜೆಂಟನ ಆಫೀಸಿಗೆ ಹೋದೆವು. ಮನುಷ್ಯ ತಿಳಿದವನೇ. ನಾವು ಕೇಳದ ಪ್ರಶ್ನೆಗಳಿಗೂ ಉತ್ತರ ಕೊಟ್ಟ. ತೊಡಕು ಬಂದದ್ದು ಅನುಭವದ ವಿಷಯದಲ್ಲಿ. ದೇವಪ್ಪ ಗ್ಯಾರೇಜಿನಲ್ಲಿ ದುಡಿಯುವುದು ವರ್ಷದ ಎರಡು ಸುಗ್ಗಿಗಳಲ್ಲಿ ಮತ್ತು ಅದರ ಹಿಂದುಮುಂದಿನ ತಿಂಗಳುಗಳಲ್ಲಿ. ಉಳಿದಂತೆ ಊರಲ್ಲಿ ಸ್ವಂತಕ್ಕೆ ಟ್ರ್ಯಾಕ್ಟರ್ ರಿಪೇರಿ.

“ಹನ್ನೆರಡೂ ತಿಂಗಳು ಗ್ಯಾರೇಜ್ ಅಂತ ಬರೆಸೋಣ್ರೀ, ಎಲ್ಲಾರೂ ಹಂಗ ಮಾಡ್ತಾರ” ಎಂದ ಏಜೆಂಟ್. “ಇಮೇಲು, ಫೋನ್ ನಂಬರ್ ನಮ್ದೇ ಹಾಕ್ತೀವಿ. ನಿಮಗ್ಯಾಕ ತಲಿಬ್ಯಾನಿ?”

ದೇವಪ್ಪ ಎದ್ದುಬಿಟ್ಟ. “ಸುಳ್ಳಂತ ಗೊತ್ತಾದ್ರ ಬಾಗಿಲಾ ಮುಚ್ಚೋದು ನನಗ ರೀ, ಇವ್ರಿಗಲ್ಲ. ಆಸ್ಟ್ರೇಲಿಯಾದವ್ರು ಏನರ ಕೇಳಿದ್ರ ನನಗ ಗೊತ್ತೂ ಆಗಂಗಿಲ್ಲ. ನಡೀರಿ ಸರ್, ನಾವ ಹಾಕೂಣು.”

ನಾವೇ ಹಾಕಿದೆವು. ಇದ್ದದ್ದನ್ನು ಇದ್ದಂತೆ, ಸುಗ್ಗಿಯನ್ನು ಸುಗ್ಗಿಯೆಂದೇ ಬರೆದು, ಗ್ಯಾರೇಜಿನ ಮಾಲೀಕರಿಂದ ದೇವಪ್ಪ ತಂದ ಸರ್ಟಿಫಿಕೇಟ್ ಲಗತ್ತಿಸಿದೆವು. ಆಮೇಲೆ ನಾನು ಒಂದೊಂದಾಗಿ ಚಿಂತಿಸಿದೆ: ಫೋಟೋದಲ್ಲಿ ಕಿವಿ ಕಾಣುತ್ತದೆಯೇ, ಹೆಸರಿನ ಮುಂದಿನ ಇನಿಶಿಯಲ್ ಸರಿ ಇದೆಯೇ, ಆಸ್ಟ್ರೇಲಿಯಾದಲ್ಲಿ ಇದೇ ಮಾದರಿಯ ಹಾರ್ವೆಸ್ಟರ್ ಇವೆಯೇ. ನಡೆದದ್ದು ಮಾತ್ರ ನನ್ನ ಚಿಂತೆಗಳ ಪೈಕಿ ಇರಲಿಲ್ಲ.

ನವೆಂಬರ್ ಕೊನೆಗೆ, ಕಟಾವಿನ ಭರಾಟೆಯಲ್ಲಿ, ದೇವಪ್ಪನ ಇಮೇಲಿಗೆ ಪತ್ರ ಬಂತು. ಗ್ಯಾರೇಜಿಗೆ ಫೋನ್ ಮಾಡಿ ವಿಚಾರಿಸಿದಾಗ ಆ ಹೆಸರಿನವರು ಯಾರೂ ಅಲ್ಲಿಲ್ಲ ಎಂಬ ಉತ್ತರ ಸಿಕ್ಕಿತೆಂದೂ, ನಿಗದಿತ ಅವಧಿಯೊಳಗೆ ವಿವರಣೆ ಕೊಡಬೇಕೆಂದೂ ಅದರಲ್ಲಿತ್ತು.

ಗ್ಯಾರೇಜಿಗೆ ಓಡಿದೆವು. ಮಾಲೀಕರು ಸುಬ್ಬರಾವ್, ನೀರಾವರಿ ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ದಢೇಸುಗೂರಿನ ಕಡೆ ನೆಲೆಸಿದ ಮನೆತನದವರು. ಗ್ರೀಸ್ ಕೈಯಲ್ಲೇ ನಿಂತು ಹೇಳಿದರು:

“ಔನಂಡಿ, ನಾನೇ ಹೇಳ್ದೆ! ಯಾರೋ ಅಮ್ಮಾಯಿ, ಹಿಂದಿದಾಗ ‘ದೇವಪ್ಪ ನಿಮ್ಮಲ್ಲಿ ಇದಾನಾ, ಕೆಲಸ ಹೆಂಗೆ ಮಾಡ್ತಾನೆ’ ಅಂತ ಕೇಳಿದ್ಲು. ಸೀಜನ್ದಾಗ ಮಿಸ್ತ್ರಿ ಬಗ್ಗೆ ಕೇಳೋರು ಯಾರ್ರೀ? ಗಂಗಾವತಿ ಗ್ಯಾರೇಜಿನೋರು! ಹೋದ ವರ್ಷ ಹಿಂಗೇ ಕೇಳಿ ನಮ್ಮ ವೆಲ್ಡರ್‌ನ ಎತ್ಕೊಂಡು ಹೋದ್ರು. ಅದಕ್ಕೇ ಅಂಥವ್ನು ಇಲ್ಲಿಲ್ಲ ಅಂದ್ಬಿಟ್ಟೆ.”

ನಮ್ಮ ಭಾಗದಲ್ಲಿ ಸುಗ್ಗಿಯ ಹೊತ್ತಿಗೆ ಮಿಸ್ತ್ರಿಯನ್ನು ಬಚ್ಚಿಡುವುದು ಬುದ್ಧಿವಂತಿಕೆ. ಇಂಥ ಫೋನ್ ಬರುತ್ತದೆಂದು ಏಜೆಂಟ್ ಮೊದಲೇ ಎಚ್ಚರಿಸಿರುತ್ತಿದ್ದನೋ ಏನೋ! ಆದರೆ ಈ ಪತ್ರ ಅವನ ಇಮೇಲಿಗೆ ಹೋಗಿದ್ದರೆ ನಮಗೆ ತೋರಿಸುತ್ತಿದ್ದನೇ? ನನ್ನ ತಲೆ ಮತ್ತೆ ಸೋಮವಾರ, ಮಂಗಳವಾರ ಆಡತೊಡಗಿತು.

ಅದಕ್ಕಿಂತ ದೊಡ್ಡ ಪೇಚು ಮುಂದಿತ್ತು. ಫೋನ್ ಎಲ್ಲಿಂದ ಬಂದದ್ದೆಂದು ತಿಳಿದದ್ದೇ ಸುಬ್ಬರಾಯರ ಮುಖ ಗಂಟಿಕ್ಕಿತು. “ಸರ್ಟಿಫಿಕೇಟ್ ಕೊಟ್ಟಾಗ ಸುಮ್ನೆ ಕೇಳ್ತಾನೆ ಅನ್ಕೊಂಡಿದ್ದೆ. ನಿಜವಾಗ್ಲೂ ಹೋಗ್ತಾನಾ? ನನ್ನ ಬಾಯಿಂದ್ಲೇ ಛಲೋ ಮಿಸ್ತ್ರಿ ಅಂತ ಹೇಳಿ ಕಳಸ್ಬೇಕಾ?”

ದೇವಪ್ಪ ಏನೋ ಹೇಳಹೋದ. “ನೀ ಬಾಯಿ ಮುಚ್ಚಲೇ” ಎಂದರು ಬಸಪ್ಪ. ಹೆಗಲ ಮೇಲಿನ ಟವೆಲ್ ತೆಗೆದು, ಸುಬ್ಬರಾಯರ ಗ್ರೀಸ್ ಕೈಯನ್ನು ಹಿಡಿದು, ಮೇಲೆ ಟವೆಲ್ ಹೊದಿಸಿದರು. ಸುಬ್ಬರಾಯರು ಮೊದಲು ಬೆಪ್ಪಾದರು, ಆಮೇಲೆ ನಕ್ಕರು. ಟವೆಲ್ಲಿನ ಕೆಳಗೆ ಏನೋ ಅಲುಗಾಡಿತು. ಒಬ್ಬರು ತಲೆಯಾಡಿಸಿದರು, ಇನ್ನೊಬ್ಬರು ಹುಬ್ಬೇರಿಸಿದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಬಗ್ಗಿ ಟವೆಲ್ ನೋಡುತ್ತಿದ್ದೆ.

“ಅವ್ರು ಮೂರು ಸುಗ್ಗಿ ಅಂದ್ರು, ನಾ ಎರಡಕ್ಕ ತಂದೆ” ಎಂದರು ಬಸಪ್ಪ, ಗ್ರೀಸಾದ ಟವೆಲ್ ಮಡಚುತ್ತ. “ಈ ಸುಗ್ಗಿ, ಬ್ಯಾಸಿಗಿ ಸುಗ್ಗಿ ಇಲ್ಲೇ ಇರ್ತಾನ. ಹೋಗಾಕ ಮೊದ್ಲ ಒಬ್ಬಂಗ ಕೆಲಸ ಕಲಿಸ್ತಾನ.”

ಸುಬ್ಬರಾಯರು ಅಂದೇ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಸುಗ್ಗಿಯಲ್ಲಿ ತಾವು ಸುಳ್ಳು ಹೇಳಿದ್ದೇಕೆಂದು ಹಿಂದಿ, ತೆಲುಗು, ಕನ್ನಡ ಮೂರರಲ್ಲೂ ವಿವರಿಸಿದರು. ಅದನ್ನೇ ಬರವಣಿಗೆಯಲ್ಲಿಯೂ ಕಳಿಸಿದೆವು. ಜನವರಿಯಲ್ಲಿ ಅಸೆಸ್‌ಮೆಂಟ್ ಒಪ್ಪಿಗೆಯಾಯಿತು, ಹುಟ್ಟುಹಬ್ಬಕ್ಕೆ ಮೊದಲೇ ಆಹ್ವಾನವೂ ಬಂತು. ಬೇಸಿಗೆಯ ಸುಗ್ಗಿ ಮುಗಿಸಿ, ಒಬ್ಬನಿಗೆ ಕೆಲಸ ಕಲಿಸಿ, ವೀಸಾ ಕೈಗೆ ಬಂದ ಮೇಲೆ ದೇವಪ್ಪ ಹೊರಟ. ಕಳಿಸಲು ಸುಬ್ಬರಾಯರೂ ಬಸ್‌ಸ್ಟ್ಯಾಂಡಿಗೆ ಬಂದಿದ್ದರು.

ಈಗ ಹುಡುಗರು ಬಂದು ಏಜೆಂಟ್ ಬೇಕೋ ಬೇಡವೋ ಎಂದು ನನ್ನನ್ನು ಅನುಭವಸ್ಥನೆಂದು ಕೇಳುತ್ತಾರೆ. ಸುಳ್ಳು ಬರೆಸುವವನು ಬೇಡ, ಇಮೇಲ್ ನಿಮ್ಮದೇ ಇರಲಿ, ಮಾಲೀಕರಿಗೆ ಮೊದಲು ತಿಳಿಸಿ ಎನ್ನುತ್ತೇನೆ. ಇಷ್ಟು ಖಚಿತವಾಗಿ ಹೇಳಬಲ್ಲೆ. ಆದರೆ ನಾವು ದಲಾಲಿಯಿಲ್ಲದೆ ಮುಗಿಸಿದೆವೋ, ದಲಾಲಿಯಿಂದಲೇ ಮುಗಿಸಿದೆವೋ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಬಸಪ್ಪನವರನ್ನೇ ಒಮ್ಮೆ ಕೇಳಿದೆ.

“ದಲಾಲಿ ಇದ್ದ ಅಂದ ಮ್ಯಾಲ ಬೈಗಳ ತಿಂದವ ಯಾರರ ಇರಬೇಕಲ್ರೀ ಮಾಸ್ತರ” ಎಂದರು. “ನನಗಂತೂ ಯಾರೂ ಬೈದಿಲ್ಲ. ಮನ್ಯಾಗ ಮಗ ಇಲ್ಲ, ಅಷ್ಟ.”