ಮೂಗು ಕಟ್ಟಿದ ಮಗ

ನನ್ನ ಚೊಚ್ಚಲ ಬಾಣಂತನ ಹುಮನಾಬಾದ ಹತ್ತಿರದ ಹುಡಗಿ ಎಂಬ ಊರಿನಲ್ಲಿ, ತವರುಮನೆಯಲ್ಲಿ ಆಯಿತು. ನಿಜಾಮರ ರಾಜ್ಯ ಇನ್ನೂ ಇದ್ದ ಕಾಲ. ನನಗೆ ಹದಿನೇಳು ವರ್ಷ. ಮಗನಿಗೆ ತಿಂಗಳು ತುಂಬುವ ಹೊತ್ತಿಗೆ ಮೂಗು ಕಟ್ಟಿತು. ಮೊಲೆಗೆ ಬಾಯಿ ಹಾಕುತ್ತಿದ್ದ, ಎರಡು ಗುಟುಕು ಚೀಪುತ್ತಿದ್ದ, ಉಸಿರು ಸಿಗದೆ ಬಿಟ್ಟು ಕೆಂಪಗಾಗಿ ಅಳುತ್ತಿದ್ದ. ಹಿಂದಿನ ದಿನದಿಂದ ಹೊಟ್ಟೆ ತುಂಬ ಕುಡಿದಿರಲಿಲ್ಲ. ಹಾಲು ಕಟ್ಟಿ ನನ್ನ ಎದೆ ಕಲ್ಲಿನಂತಾಗಿತ್ತು.

ಅವತ್ತೇ ಮಂಠಾಳದಿಂದ ಅತ್ತೆ ಮೊಮ್ಮಗನನ್ನು ನೋಡಲು ಬಂಡಿ ಮಾಡಿಕೊಂಡು ಬಂದರು. ಕೂಸಿನ ಮೂಗು ನೋಡುವುದು ಬಿಟ್ಟು ನನ್ನ ಮುಖ ನೋಡಿದರು.

“ಹಾಲು ಥಂಡಿ ಆಗ್ಯಾದ. ಏನ್ ತಿಂದಿದ್ದಿ, ಖರೇ ಹೇಳು.”

“ಏನೂ ಇಲ್ರಿ ಅತ್ತಿ. ಅವ್ವ ಕೊಟ್ಟಿದ್ದಷ್ಟೇ ತಿಂದೀನ್ರಿ.”

ಎರಡು ದಿನದ ಹಿಂದೆ ಕೌದಿಯ ಮುಸುಕಿನೊಳಗೆ ಒಂದು ಇಡೀ ಸೀತಾಫಲ ಮುಗಿಸಿದ್ದೆ. ಬೆಳ್ಳುಳ್ಳಿ ತಿಂದು ತಿಂದು ನಾಲಿಗೆ ಕೆಟ್ಟುಹೋಗಿತ್ತು, ನಾನೇನು ಮಾಡಲಿ? ಸುಳ್ಳು ಸಲೀಸಾಗಿ ಬಂತು. ಆದರೆ ಆ ಹಣ್ಣೇ ಕೂಸಿಗೆ ಹತ್ತಿತೋ ಏನೋ ಎಂಬ ಅಂಜಿಕೆ ಬಿಡಲಿಲ್ಲ.

ಅತ್ತೆ ನಂಬಲಿಲ್ಲ. ಓಣಿಯಲ್ಲಿ ಹಾಲೂಡಿಸುವ ಇನ್ನೊಬ್ಬ ತಾಯಿ ಇದ್ದಳು; ಅವಳನ್ನು ಕರೆಸಿದರು. ನನ್ನ ಮಗ ಇನ್ನೊಬ್ಬಳ ಮೊಲೆ ಕುಡಿಯುವುದೇ? ನನಗೆ ಮೈಯೆಲ್ಲ ಉರಿಯಿತು. ದುಂಡು ಮೈಯ ಆಕೆ ನಗುನಗುತ್ತ ಕೂತು ಮಗನನ್ನು ಎತ್ತಿಕೊಂಡಳು. ಕುಡಿಯಬೇಡ ಮಗನೇ, ನನ್ನ ಮರ್ಯಾದೆ ಉಳಿಸು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಎರಡು ಗುಟುಕು ಚೀಪಿ ಅವಳನ್ನೂ ಬಿಟ್ಟ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಆಮೇಲೆ ಅವನು ಅತ್ತ. ದನಿಯಲ್ಲಿ ಬೆಳಗಿನಷ್ಟು ಕಸುವು ಇರಲಿಲ್ಲ. ಗೆದ್ದವಳು ನಾನು, ಉಪವಾಸ ಬಿದ್ದವನು ಅವನು. ನನ್ನ ಮೇಲೆ ನನಗೇ ಅಸಹ್ಯವಾಯಿತು, ಭಯವೂ ಆಯಿತು.

“ತಪ್ಪು ಹಾಲಿಂದಲ್ಲ, ಮೂಗಿಂದು,” ಎಂದು ಅತ್ತೆ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. “ನಿನ್ನ ಹಾಲು ಎರಡು ಹನಿ ಮೂಗಿನ್ಯಾಗ ಬಿಡು.”

ಹಿಂಡಿದೆ. ಮೊದಲ ಧಾರೆ ಅತ್ತೆಯ ಕೆನ್ನೆಗೆ ಹಾರಿತು. ಬೇಕೆಂದು ಮಾಡಿದ್ದಲ್ಲ, ಆದರೆ ಬೇಜಾರೂ ಆಗಲಿಲ್ಲ. ಎರಡನೆಯದು ಸರಿಯಾಗಿ ಬಿತ್ತು. ತುಸು ತಡೆದು ಅತ್ತೆ ಬಗ್ಗಿ, ಕೂಸಿನ ಮೂಗಿಗೆ ಬಾಯಿ ಹಚ್ಚಿ ಸೊರ್ರನೆ ಹೀರಿ, ಅಗ್ಗಿಷ್ಟಿಕೆಯ ಬೂದಿಯ ಮೇಲೆ ಉಗುಳಿದರು. ತಾವೇ ತೊಳೆದಿಟ್ಟ ತಂಬಿಗೆಯನ್ನು ಮತ್ತೊಮ್ಮೆ ತೊಳೆದು ನೀರು ಕುಡಿಯುವ ಹೆಂಗಸು ಅವರು. ಮೂರು ಸಲ ಹೀರಿದರು. ಹೆತ್ತ ತಾಯಿ ನಾನು. ನನಗದು ಹೊಳೆದಿರಲೂ ಇಲ್ಲ.

“ಹಿಡಿ, ಈಗ ಕುಡಿಸು.”

ಕುಡಿದ. ಗುಟುಗುಟು ಸದ್ದು ಕೋಣೆಗೆಲ್ಲ ಕೇಳಿಸಿತು. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

ಅತ್ತೆ ಬಾಯಿ ಮುಕ್ಕಳಿಸಿ ಬಂದು, “ಇದಕ್ಯಾಕ ಅಳ್ತಿ? ನಿನ್ನ ಗಂಡಗ ಒಂದು ಚಳಿಗಾಲ ಪೂರಾ ಹಿಂಗೇ ಮಾಡೀನಿ,” ಎಂದರು.

ನನ್ನ ಗಂಡನ ಮೀಸೆ ಕಂಡರೆ ಓಣಿಯ ನಾಯಿಗಳೂ ದಾರಿ ಬಿಡುತ್ತಿದ್ದವು. ಮುಂದೆ ಮಂಠಾಳದ ಮನೆಯಲ್ಲಿ ಅವರು ಆ ಮೀಸೆ ತಿರುವಿ ತಮ್ಮ ತಾಯಿಯ ಮೇಲೆ ದನಿ ಏರಿಸಿದಾಗಲೆಲ್ಲ ನಾನು ಅವರ ಮೂಗನ್ನೇ ನೋಡುತ್ತ ನಿಂತುಬಿಡುತ್ತಿದ್ದೆ.

“ಏನ್ ನೋಡಾಕತ್ತಿ?” ಎಂದು ಗದರುತ್ತಿದ್ದರು.

“ಏನಿಲ್ರಿ,” ಎನ್ನುತ್ತಿದ್ದೆ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು.